ತಲೆಗೆ ಸುತ್ತಿದ ಕುರುಳು

(ಬಾನುಲಿ ಭಾಷಣ)



ಕೆರಿಬಿಯನ್ ಸಮುದ್ರದ ಅಂಚಿನಲ್ಲಿ ಹಿಸ್ಪಾನಿಯೋಲ ಎಂಬ ದ್ವೀಪವೊಂದಿದೆ. ಅದರ ಪಶ್ಚಿಮ ಭಾಗದಲ್ಲಿ ಹೈಟಿ, ಪೂರ್ವ ಭಾಗದಲ್ಲಿ ಡೊಮಿನಿಕನ್ ಗಣರಾಜ್ಯ, ಹೀಗೆ ಒಂದೇ ನೆಲವನ್ನು ಎರಡು ದೇಶಗಳು ಹಂಚಿಕೊಂಡಿವೆ. ಪೂರ್ವ ಭಾಗದ ಊರುಗಳಲ್ಲಿ, ಮುಖ್ಯವಾಗಿ ಹಬ್ಬ ಮದುವೆಗಳ ಮುನ್ನಾದಿನ, ಒಂದು ದೃಶ್ಯವನ್ನು ಯಾರಾದರೂ ಕಾಣಬಹುದು. ಹೆಂಗಸರು ತಮ್ಮ ಕೂದಲನ್ನು ಹಿಂದಕ್ಕೆ ಇಳಿಬಿಡದೆ, ತುರುಬನ್ನೂ ಕಟ್ಟದೆ, ತಲೆಯ ಸುತ್ತಲೂ ಒಂದೇ ದಿಕ್ಕಿಗೆ ಬಳಸಿ, ಸಾಲು ಸಾಲಾಗಿ ಪಿನ್ನುಗಳನ್ನು ಚುಚ್ಚಿ, ಅದರ ಮೇಲೆ ಬಲೆಯನ್ನೋ ಹಳೆಯ ನೈಲಾನ್ ಕಾಲುಚೀಲದ ತುಂಡನ್ನೋ ಬಿಗಿದುಕೊಂಡು ಮನೆಗೆಲಸ ಮಾಡುತ್ತಿರುತ್ತಾರೆ, ಅಂಗಡಿಗೂ ಹೋಗಿಬರುತ್ತಾರೆ. ದೂರದಿಂದ ನೋಡಿದವರಿಗೆ ಅದೊಂದು ಟೋಪಿಯಂತೆ ಕಾಣುತ್ತದೆ. ಆ ನಾಡಿನ ಸ್ಪ್ಯಾನಿಷ್ ಮಾತಿನಲ್ಲಿ ಇದರ ಹೆಸರು ‘ತೂಬಿ’. ಬ್ರೆಜಿಲಿನವರು ಇದನ್ನು ‘ತೋಕ’ ಎನ್ನುತ್ತಾರೆ. ಆ ಮಾತಿಗೆ ಟೋಪಿ ಎಂದೇ ಅರ್ಥ. ಅರ್ಜೆಂಟೀನದಲ್ಲಿಯೂ ಹೆಚ್ಚುಕಡಿಮೆ ಇದೇ ಹೆಸರು. ಅಮೆರಿಕದ ಕರಿಯ ಹೆಂಗಸರಲ್ಲಿಯೂ ರಾತ್ರಿ ಮಲಗುವ ಮೊದಲು ಕೂದಲನ್ನು ಹೀಗೆ ತಲೆಗೆ ಸುತ್ತಿ ರೇಷ್ಮೆಯ ಚೌಕದಿಂದ ಕಟ್ಟುವ ರೂಢಿ ಬಹು ಹಿಂದಿನಿಂದಲೂ ಇದೆ. ಗುಂಗುರು ಕೂದಲನ್ನು ಬೆಂಕಿಯ ಸಹಾಯವಿಲ್ಲದೆ, ಮದ್ದಿನ ಸಹಾಯವಿಲ್ಲದೆ ನೇರಗೊಳಿಸುವುದು ಇದೆಲ್ಲದರ ಉದ್ದೇಶ.

ಇಂದಿನ ಭಾಷಣಕ್ಕೆ ಈ ಸಣ್ಣ ವಿಷಯವನ್ನು ಆರಿಸಿಕೊಂಡದ್ದೇಕೆ ಎಂದು ತಾವು ಕೇಳಬಹುದು. ಕೂದಲೆಳೆ ಸಣ್ಣದೇ ಸರಿ. ಆದರೆ ಅದರ ಮೇಲೆ ಮನುಷ್ಯರು ಹೊರಿಸಿರುವ ಭಾರ ಸಣ್ಣದಲ್ಲ. ಒಂದು ಎಳೆ ನೇರವಾಗಿದೆಯೋ ಡೊಂಕಾಗಿದೆಯೋ ಎಂಬುದನ್ನು ನೋಡಿ ಒಬ್ಬಳಿಗೆ ಕೆಲಸ ಕೊಟ್ಟದ್ದುಂಟು, ಇನ್ನೊಬ್ಬಳಿಗೆ ನಿರಾಕರಿಸಿದ್ದುಂಟು. ಮಕ್ಕಳನ್ನು ಶಾಲೆಯಿಂದ ಹೊರಗೆ ಕಳುಹಿಸಿದ್ದೂ ಉಂಟು. ಆದ್ದರಿಂದ ಮೊದಲು ಈ ವಿಧಾನದ ಕ್ರಮವನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ನೋಡೋಣ; ಆಮೇಲೆ ಅದರ ಹಿಂದಿರುವ ಮನಸ್ಸನ್ನು ವಿಚಾರಿಸೋಣ.

ಕ್ರಮ ಸರಳವಾದದ್ದು. ಕೂದಲನ್ನು ತೊಳೆದು, ಅಗಲವಾದ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ಕೂದಲು ತೀರ ಗುಂಗುರಾಗಿದ್ದರೆ ಮೊದಲು ದೊಡ್ಡ ದೊಡ್ಡ ಉರುಳೆಗಳಿಗೆ ಸುತ್ತಿ ಒಣಗಿಸುತ್ತಾರೆ. ಅಲೆಯಲೆಯಾದ ಕೂದಲಾದರೆ ಒದ್ದೆಯಾಗಿರುವಾಗಲೇ ನೇರವಾಗಿ ಸುತ್ತಬಹುದು. ಒಂದು ಕಿವಿಯ ಬದಿಯಿಂದ ಹಿಡಿದು, ಹಣೆಯ ಮೇಲಿನಿಂದ ಇನ್ನೊಂದು ಕಿವಿಯ ಕಡೆಗೆ, ಅಲ್ಲಿಂದ ಹಿಂದಲೆಯ ಮೂಲಕ ಮತ್ತೆ ಮುಂದಕ್ಕೆ, ಪ್ರತಿಯೊಂದು ಪದರವನ್ನೂ ಬಾಚಿ ಬಾಚಿ ತಲೆಗೆ ಒತ್ತಿಕೊಂಡಿರುವಂತೆ ಬಳಸುತ್ತ ಹೋಗಬೇಕು. ಗಡಿಯಾರದ ಮುಳ್ಳು ಕಂಬದ ಸುತ್ತ ತಿರುಗುವಂತೆ ಕೂದಲು ನೆತ್ತಿಯ ಸುತ್ತ ತಿರುಗುತ್ತದೆ. ನಡುನಡುವೆ ಪಿನ್ನು. ಕೊನೆಯಲ್ಲಿ ಬಲೆ. ಕೆಲವು ಗಂಟೆಗಳಾದ ಮೇಲೆ ಎಲ್ಲವನ್ನೂ ಬಿಚ್ಚಿ ವಿರುದ್ಧ ದಿಕ್ಕಿಗೆ ಸುತ್ತುವುದುಂಟು. ಹಾಗೆ ಮಾಡದಿದ್ದರೆ ಬುಡದ ಕೂದಲೆಲ್ಲ ಒಂದೇ ಕಡೆಗೆ ವಾಲಿಕೊಳ್ಳುತ್ತದೆ. ಬೆಳಗ್ಗೆ ಬಿಚ್ಚಿ ಕೊಡವಿದರೆ, ನಿನ್ನೆಯವರೆಗೆ ಭುಜದಿಂದ ಮೇಲಕ್ಕೆ ಮುದುಡಿಕೊಂಡಿದ್ದ ಕೂದಲು ಬೆನ್ನಿನ ಮೇಲೆ ಇಳಿಬಿದ್ದಿರುತ್ತದೆ.

ಉರುಳೆಗೆ ಸುತ್ತಿದರೆ ಕೂದಲು ಸುರುಳಿಯಾಗುವುದು ಸಹಜ. ತಲೆಗೆ ಸುತ್ತಿದರೆ ನೇರವಾಗುವುದು ಹೇಗೆ ಎಂದು ಯಾರಿಗಾದರೂ ಸಂದೇಹ ಬಂದೀತು. ಉತ್ತರ ರೇಖಾಗಣಿತದಲ್ಲಿದೆ. ವಯಸ್ಕರ ತಲೆಯ ಸುತ್ತಳತೆ ಸುಮಾರು 55 ಸೆಂಟಿಮೀಟರು. ಅಂದರೆ ಅದು ಸುಮಾರು 9 ಸೆಂಟಿಮೀಟರು ತ್ರಿಜ್ಯದ ವೃತ್ತ. ಬೆರಳು ಗಾತ್ರದ ಉರುಳೆ ಕೂದಲನ್ನು ಬಹಳವಾಗಿ ಬಾಗಿಸುತ್ತದೆ. ಇಷ್ಟು ದೊಡ್ಡ ವೃತ್ತ ಬಹಳ ಕಡಿಮೆ ಬಾಗಿಸುತ್ತದೆ. ಭೂಮಿ ದುಂಡಾಗಿದ್ದರೂ ನಮ್ಮ ಅಂಗಳ ಸಪಾಟಾಗಿ ಕಾಣುವುದಿಲ್ಲವೇ, ಹಾಗೆ. ಮನೆಯಲ್ಲಿ ಸಿಗುವ ಉರುಳೆಗಳಲ್ಲೆಲ್ಲ ಅತ್ಯಂತ ದೊಡ್ಡದು ಎಲ್ಲರ ಬಳಿಯೂ ಇದೆ, ಅದಕ್ಕೆ ಕಾಸು ಕೊಡಬೇಕಾಗಿಲ್ಲ ಎಂಬುದನ್ನು ಕಂಡುಕೊಂಡ ಆ ಹೆಸರಿಲ್ಲದ ಹೆಣ್ಣುಮಗಳು ಜಾಣೆಯೇ ಸರಿ.

ಇನ್ನು ಒದ್ದೆಯ ವಿಷಯ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ನಮ್ಮ ಉಗುರು, ಕುರಿಯ ಉಣ್ಣೆ, ದನದ ಕೊಂಬು ಇವೂ ಅದೇ ಕುಲದವು. ಈ ಪ್ರೋಟೀನಿನ ಉದ್ದುದ್ದನೆಯ ಸರಪಣಿಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಮುಖ್ಯವಾಗಿ ಎರಡನ್ನು ಇಲ್ಲಿ ನೆನೆಯಬೇಕು. ಒಂದು, ಗಂಧಕದ ಬಂಧ. ಇದು ಬಲವಾದದ್ದು, ಹುಟ್ಟಿನಿಂದ ಬಂದದ್ದು. ಇನ್ನೊಂದು, ಜಲಜನಕದ ಬಂಧ. ಒಂದೊಂದೂ ದುರ್ಬಲ, ಆದರೆ ಸಂಖ್ಯೆಯಲ್ಲಿ ಅಪಾರ. ಕೂದಲು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ನೀರನ್ನು ಹೀರಬಲ್ಲದು. ಹಾಗೆ ಒಳಹೊಕ್ಕ ನೀರು ಜಲಜನಕದ ಬಂಧಗಳನ್ನು ಸಡಿಲಿಸುತ್ತದೆ. ಆಗ ಎಳೆ ಮೆತ್ತಗಾಗುತ್ತದೆ, ಹಿಗ್ಗುತ್ತದೆ, ನಾವು ಕೊಟ್ಟ ರೂಪಕ್ಕೆ ಒಗ್ಗುತ್ತದೆ. ನೀರು ಆರಿದಂತೆ ಬಂಧಗಳು ಮತ್ತೆ ಕೂಡಿಕೊಳ್ಳುತ್ತವೆ, ಆದರೆ ಹಳೆಯ ಸ್ಥಾನಗಳಲ್ಲಿ ಅಲ್ಲ, ಈಗ ಇರುವ ಸ್ಥಾನಗಳಲ್ಲಿ. ಗಂಧಕದ ಬಂಧಗಳು ಮಾತ್ರ ಈ ಗದ್ದಲದಲ್ಲಿ ಅಲುಗದೆ ಉಳಿಯುತ್ತವೆ.

ಈ ತತ್ತ್ವ ನಮ್ಮ ಮನೆಗಳಿಗೆ ಅಪರಿಚಿತವಾದದ್ದಲ್ಲ. ಇಸ್ತ್ರಿಪೆಟ್ಟಿಗೆ ಇಲ್ಲದ ಮನೆಯಲ್ಲಿ ಪಂಚೆಯನ್ನು ಹಸಿಯಾರುವ ಮೊದಲೇ ಮಡಿಸಿ ಹಾಸಿಗೆಯ ಕೆಳಗೆ ಇಟ್ಟು ಮಲಗಿದರೆ, ಬೆಳಗಾಗುವ ಹೊತ್ತಿಗೆ ಗರಿಗರಿಯಾದ ಮಡಿಕೆ ಸಿದ್ಧವಾಗಿರುತ್ತದೆ. ಮೇದರು ಬಿದಿರಿನ ಸೀಳುಗಳನ್ನು ನೀರಿನಲ್ಲಿ ನೆನೆಸಿ, ಬಾಗಿಸಿ, ಬುಟ್ಟಿ ಹೆಣೆಯುತ್ತಾರೆ. ಒಣಗಿದ ಮೇಲೆ ಅದು ಮತ್ತೆ ನೆಟ್ಟಗಾಗುವುದಿಲ್ಲ. ಎಣ್ಣೆನೀರಿನ ದಿನ ಹಸಿಗೂದಲನ್ನೇ ಜಡೆ ಹೆಣೆದುಕೊಂಡ ಹುಡುಗಿ ಮರುದಿನ ಬಿಚ್ಚಿದಾಗ ಕೂದಲಿನಲ್ಲಿ ಅಲೆಗಳೆದ್ದಿರುವುದನ್ನು ಕಾಣದ ಮನೆಯುಂಟೇ? ಜಡೆ ಅಲೆಯನ್ನು ಕೊಟ್ಟರೆ, ತಲೆ ನೇರವನ್ನು ಕೊಡುತ್ತದೆ. ಕೊಡುವ ಶಕ್ತಿ ಎರಡರಲ್ಲಿಯೂ ನೀರಿನದೇ.

ಕೊಡುವ ನೀರು ಕಸಿದುಕೊಳ್ಳಲೂ ಬಲ್ಲದು. ಮಳೆ ಹನಿಯಿತೋ, ಗಾಳಿಯಲ್ಲಿ ತೇವ ಹೆಚ್ಚಿತೋ, ನೇರವಾಗಿದ್ದ ಕೂದಲು ತನ್ನ ಮೂಲರೂಪವನ್ನು ನೆನೆದುಕೊಂಡು ಸುರುಳಿಗೆ ಮರಳುತ್ತದೆ. ಕೂದಲಿಗೆ ಗಾಳಿಯ ತೇವವನ್ನು ಅರಿಯುವ ಶಕ್ತಿ ಎಷ್ಟರಮಟ್ಟಿಗೆ ಇದೆಯೆಂದರೆ, ಜಿನೀವದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಮನುಷ್ಯನ ಕೂದಲನ್ನೇ ಬಳಸಿ ತೇವಮಾಪಕವನ್ನು ರಚಿಸಿ, 1783ರಲ್ಲಿ ಅದನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ. ಪೂರ್ತಿ ಒಣಹವೆಯಿಂದ ಪೂರ್ತಿ ತೇವದ ಹವೆಗೆ ಬಂದಾಗ ಕೂದಲು ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚು ಉದ್ದವಾಗುತ್ತದೆ. ಆ ಅತ್ಯಲ್ಪ ಚಲನೆಯನ್ನು ಮುಳ್ಳೊಂದಕ್ಕೆ ಜೋಡಿಸಿದರೆ ಹವೆಯ ತೇವವನ್ನು ಅಳೆಯಬಹುದು. ಹವಾಮಾನದ ಕೇಂದ್ರಗಳಲ್ಲಿ ಈ ಉಪಕರಣ ಬಹುಕಾಲ ಸೇವೆ ಸಲ್ಲಿಸಿತು.

ಶ್ರೋತೃಗಳೇ, ಒಂದು ರಾತ್ರಿಯ ತಾಳ್ಮೆಯಿಂದ ಆಗುವ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಬೇಕೆಂದು ಹೊರಟಾಗ ಮನುಷ್ಯ ಬೆಂಕಿಯನ್ನು ಕರೆದ. 1872ರ ಸುಮಾರಿಗೆ ಪ್ಯಾರಿಸಿನ ಮಾರ್ಸೆಲ್ ಗ್ರಾತೊ ಎಂಬ ಕೇಶಕಾರ ಕಾಯಿಸಿದ ಇಕ್ಕಳದಿಂದ ಕೂದಲಿಗೆ ಅಲೆ ಕೊಡುವ ವಿಧಾನವನ್ನು ರೂಢಿಗೆ ತಂದ. ಒಲೆಯ ಮೇಲೆ ಕಾಯಿಸಿದ ಲೋಹದ ಬಾಚಣಿಗೆ ಅಮೆರಿಕದ ಕರಿಯರ ಅಡುಗೆಮನೆಗಳನ್ನು ಹೊಕ್ಕಿತು. ಅದನ್ನು ಕಂಡುಹಿಡಿದವಳು ಮ್ಯಾಡಂ ಸಿ. ಜೆ. ವಾಕರ್ ಎಂಬ ಮಾತು ಪ್ರಚಾರದಲ್ಲಿದೆ, ಅದು ನಿಜವಲ್ಲ. ಆದರೆ ಗುಲಾಮರಾಗಿದ್ದ ತಂದೆತಾಯಿಗಳಿಗೆ 1867ರಲ್ಲಿ ಹುಟ್ಟಿ, ಬಟ್ಟೆ ಒಗೆದು ಜೀವಿಸಿದ ಆಕೆ ಕೇಶಪೋಷಣೆಯ ಉದ್ಯಮದಿಂದಲೇ ಅಮೆರಿಕದ ಶ್ರೀಮಂತ ಮಹಿಳೆಯರಲ್ಲಿ ಒಬ್ಬಳಾದಳು, ಸಾವಿರಾರು ಕರಿಯ ಹೆಂಗಸರಿಗೆ ಜೀವನೋಪಾಯ ಕಲ್ಪಿಸಿದಳು ಎಂಬುದು ನಿಜ. 1960ರ ದಶಕದಲ್ಲಿ ಬಿಳಿಯ ಹುಡುಗಿಯರೂ ಈ ಹುಚ್ಚಿಗೆ ಸಿಲುಕಿದರು. ಇಸ್ತ್ರಿ ಮಾಡುವ ಹಲಗೆಯ ಮೇಲೆ ಕೂದಲನ್ನು ಹರಡಿ, ಗೆಳತಿಯ ಕೈಯಿಂದ ಬಟ್ಟೆಯ ಇಸ್ತ್ರಿಪೆಟ್ಟಿಗೆಯನ್ನೇ ಅದರ ಮೇಲೆ ಆಡಿಸಿಕೊಂಡರು. ಇಂದಿನ ವಿದ್ಯುತ್ ಇಕ್ಕಳಗಳ ಶಾಖ 150ರಿಂದ 230 ಡಿಗ್ರಿ ಸೆಲ್ಸಿಯಸ್. ಒದ್ದೆಗೂದಲಿಗೆ ಅದನ್ನು ತಾಗಿಸಿದರೆ ಎಳೆಯ ಒಳಗಿನ ನೀರು ಕುದಿದು ಆವಿಯಾಗಿ, ಎಳೆಯಲ್ಲಿ ಗುಳ್ಳೆಗಳನ್ನೆಬ್ಬಿಸಿ, ಅದನ್ನು ಮುರಿದುಬಿಡುತ್ತದೆ.

ಬೆಂಕಿಯ ನಂತರ ಮದ್ದು. ಗಂಧಕದ ಬಂಧವನ್ನೇ ಒಡೆಯಬಲ್ಲದ್ದು ತೀಕ್ಷ್ಣ ಕ್ಷಾರ. ಸಾಬೂನು ತಯಾರಿಕೆಯಲ್ಲಿ ಬಳಸುವ ಕಾಸ್ಟಿಕ್ ಸೋಡ ಅದೇ. ಮಾಲ್ಕಂ ಎಕ್ಸ್ ಅವರ 1965ರ ಆತ್ಮಕಥೆಯಲ್ಲಿ, ಯೌವನದಲ್ಲಿ ಅವರು ಆಲೂಗೆಡ್ಡೆ, ಮೊಟ್ಟೆ, ಕ್ಷಾರಗಳ ಮಿಶ್ರಣವನ್ನು ತಲೆಗೆ ಹಚ್ಚಿಸಿಕೊಂಡು ಉರಿಯನ್ನು ತಾಳಿಕೊಂಡ ಪ್ರಸಂಗವಿದೆ. ಬಿಳಿಯರಂತೆ ಕಾಣಬೇಕೆಂದು ಆ ನೋವನ್ನು ಅನುಭವಿಸಿದ್ದು ತಮ್ಮನ್ನು ತಾವೇ ಹೀನಗೊಳಿಸಿಕೊಂಡ ದೊಡ್ಡ ಹೆಜ್ಜೆಯೆಂದು ಅವರು ಮುಂದೆ ಭಾವಿಸಿದರು. ಚರ್ಮದ ಉರಿ ಕೆಲವು ದಿನಗಳಲ್ಲಿ ಆರೀತು. ಒಳಗೆ ಆಗುವ ಹಾನಿ ಬೇಗ ಕಾಣುವಂಥದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು 11 ವರ್ಷಗಳ ಕಾಲ ಅನುಸರಿಸಿ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70ನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64, ಪದೇ ಪದೇ ಬಳಸುವವರಲ್ಲಿ ನೂರಕ್ಕೆ 4.05 ಎಂದು ಅವರು ಅಂದಾಜು ಮಾಡಿದರು. ಇದು ಇವೆರಡರ ನಡುವಣ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಖಚಿತವಾಗಿ ಸಾಧಿಸುವುದಿಲ್ಲ. ಕಾಯಿಲೆಯೂ ಒಟ್ಟಿನಲ್ಲಿ ವಿರಳವಾದದ್ದೇ. ಆದರೂ ಅಂಥ ಮದ್ದು ಬಳಸುತ್ತಿದ್ದವರಲ್ಲಿ ನೂರಕ್ಕೆ ಸುಮಾರು 60 ಮಂದಿ ಕರಿಯ ಮಹಿಳೆಯರು ಎಂಬ ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಬೇಕು. ಸೌಂದರ್ಯದ ಒಂದು ಕಟ್ಟಳೆಗೆ ಯಾರು ಎಷ್ಟು ತೆರಿಗೆ ತೆರುತ್ತಿದ್ದಾರೆ ಎಂಬ ಲೆಕ್ಕ ಅದರಲ್ಲಿದೆ.

ಆ ಕಟ್ಟಳೆಯನ್ನು ಮಾಡಿದವರು ಯಾರು? ಮತ್ತೆ ಡೊಮಿನಿಕನ್ ಗಣರಾಜ್ಯಕ್ಕೆ ಹೋಗೋಣ. ಅಲ್ಲಿಯ ಆಡುಮಾತಿನಲ್ಲಿ ನೇರಗೂದಲು ‘ಒಳ್ಳೆಯ ಕೂದಲು’; ಗುಂಗುರು ಕೂದಲು ‘ಕೆಟ್ಟ ಕೂದಲು’. ಆಫ್ರಿಕದಿಂದ ಗುಲಾಮರಾಗಿ ಬಂದವರ ರಕ್ತ ಆ ನಾಡಿನ ಬಹುಪಾಲು ಜನರ ಮೈಯಲ್ಲಿ ಹರಿಯುತ್ತಿದೆ. ಆದರೆ 1930ರಿಂದ 1961ರವರೆಗೆ ಆಳಿದ ಸರ್ವಾಧಿಕಾರಿ ತ್ರುಹೀಯೊ, ಕರಿಯರೆಂದರೆ ನೆರೆಯ ಹೈಟಿಯವರು, ನಾವಲ್ಲ ಎಂಬ ಭಾವನೆಯನ್ನು ರಾಜ್ಯನೀತಿಯಾಗಿಯೇ ಬೆಳೆಸಿದ. 1937ರಲ್ಲಿ ಗಡಿಪ್ರದೇಶದಲ್ಲಿ ಸಾವಿರಾರು ಹೈಟಿಯವರ ಕೊಲೆಯಾಯಿತು. ಗುರುತಿನ ಚೀಟಿಗಳಲ್ಲಿ ಮೈಬಣ್ಣವನ್ನು ‘ಇಂದಿಯೊ’, ಅಂದರೆ ಆ ದ್ವೀಪದ ಮೂಲನಿವಾಸಿಗಳ ಬಣ್ಣ, ಎಂದು ಬರೆಯುವ ಪದ್ಧತಿ ಬಹುಕಾಲ ನಡೆಯಿತು. ಚೀಟಿಯಲ್ಲಿ ಬಣ್ಣವನ್ನು ಬದಲಾಯಿಸಿ ಬರೆಯಬಹುದು. ಚರ್ಮದ ಬಣ್ಣವನ್ನು ಬದಲಾಯಿಸಲಾಗದು. ಕೂದಲನ್ನಾದರೋ ಬದಲಾಯಿಸಬಹುದು. ಆದ್ದರಿಂದ ಆ ಸಮಾಜದಲ್ಲಿ ಬಾಚಣಿಗೆಗೂ ಪಿನ್ನಿಗೂ ಅಷ್ಟೊಂದು ಮಹತ್ವ ಬಂತು. ತ್ರುಹೀಯೊನ ಮರಣಾನಂತರ ಲಕ್ಷಗಟ್ಟಲೆ ಜನ ನ್ಯೂಯಾರ್ಕಿಗೆ ವಲಸೆ ಹೋದಾಗ ಅವರ ಜೊತೆಗೆ ಕೇಶಾಲಂಕಾರದ ಅಂಗಡಿಗಳೂ ಹೋದವು, ತೂಬಿಯೂ ಹೋಯಿತು. ಜಿನೆಟ್ಟ ಕಾಂದೆಲಾರಿಯೊ ಎಂಬ ವಿದುಷಿ ಆ ಅಂಗಡಿಗಳಲ್ಲಿ ಕುಳಿತು ಗಮನಿಸಿ, 2007ರಲ್ಲಿ ಡೊಮಿನಿಕನ್ನರ ಜನಾಂಗಭಾವನೆಯನ್ನು ಕುರಿತು ಗ್ರಂಥವನ್ನೇ ಬರೆದರು.

ಮಕ್ಕಳ ಮನಸ್ಸಿಗೆ ಇದು ಹೇಗೆ ತಟ್ಟುತ್ತದೆ ಎಂಬುದನ್ನು ವೆನಿಜುವೆಲದ ಮಾರಿಯಾನ ರೊಂದೋನ್ ಅವರು 2013ರಲ್ಲಿ ನಿರ್ದೇಶಿಸಿದ ಚಲನಚಿತ್ರವೊಂದು ತೋರಿಸಿತು. ‘ಕೆಟ್ಟ ಕೂದಲು’ ಎಂಬುದೇ ಅದರ ಹೆಸರು. ಶಾಲೆಯ ಭಾವಚಿತ್ರಕ್ಕಾಗಿ ತನ್ನ ಗುಂಗುರು ಕೂದಲನ್ನು ನೇರಮಾಡಿಕೊಳ್ಳಬೇಕೆಂದು ಹಂಬಲಿಸುವ ಬಡ ಹುಡುಗನ ಕಥೆ ಅದು. ಸ್ಪೇನಿನ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುನ್ನತ ಪ್ರಶಸ್ತಿ ದೊರೆಯಿತು. ಇನ್ನೊಂದು ಕಡೆ ಕಾನೂನೂ ಎಚ್ಚೆತ್ತುಕೊಳ್ಳತೊಡಗಿತು. 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ, ಕೂದಲಿನ ಸಹಜ ರೂಪವನ್ನು ಕಾರಣವಾಗಿ ಹಿಡಿದು ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದ ತೋರಬಾರದೆಂದು ಶಾಸನ ಮಾಡಿತು. ಅಂಥ ಶಾಸನ ಮಾಡಿದ ಮೊದಲ ರಾಜ್ಯ ಅದು. ಮುಂದೆ ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು. ಕೂದಲು ಇದ್ದಂತೆಯೇ ಇರಬಹುದು ಎಂದು ಹೇಳಲು ಕಾನೂನು ಬೇಕಾಯಿತಲ್ಲ ಎಂಬುದೇ ವ್ಯಥೆಯ ಸಂಗತಿ.

ಕನ್ನಡಿಗರಾದ ನಮಗೆ ‘ಕೆಟ್ಟ ಕೂದಲು’ ಎಂಬ ಮಾತು ಒಗಟಿನಂತೆ ತೋರಬೇಕು. ನಮ್ಮ ನಾಡಿನ ದೊಡ್ಡ ಭಾಗಕ್ಕೆ ಹಿಂದೆ ಕುಂತಲ ದೇಶವೆಂಬ ಹೆಸರಿತ್ತು, ಕುಂತಲವೆಂದರೆ ಕೂದಲು. ಕೂದಲಿಗೆ ನಮ್ಮ ಕವಿಗಳು ಬಳಸಿದ ‘ಕುರುಳು’ ಎಂಬ ಮಾತಿನಲ್ಲಿಯೇ ಸುರುಳಿ ಅಡಗಿದೆ. ಹಣೆಯ ಮೇಲೆ ಆಡುವ ಮುಂಗುರುಳನ್ನು ವರ್ಣಿಸದ ಕಾವ್ಯವನ್ನು ನಮ್ಮಲ್ಲಿ ಹುಡುಕಿ ತೆಗೆಯುವುದು ಕಷ್ಟ. ಶ್ರವಣಬೆಳಗೊಳದ ಗೊಮ್ಮಟನ ತಲೆಯನ್ನು ನೋಡಿ: ಆ ಮಹಾಶಿಲ್ಪಿ ಅಲ್ಲಿ ಕಡೆದಿರುವುದು ಸಣ್ಣ ಸಣ್ಣ ಗುಂಗುರುಗಳನ್ನು. ಲೋಕವನ್ನೇ ಬಿಟ್ಟುಕೊಟ್ಟ ಮಹಾಪುರುಷನ ತಲೆಯ ಮೇಲೆ ಕುರುಳು ಅವನ ಘನತೆಯ ಗುರುತಾಗಿ ನಿಂತಿದೆ.

ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಗಳ ಕಾಡಿನ ನಡುವೆ ಸಿದ್ದಿ ಜನಾಂಗದವರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಪೋರ್ಚುಗೀಸರು ಮತ್ತಿತರರು ಆಫ್ರಿಕದಿಂದ ಗುಲಾಮರಾಗಿ ತಂದವರ ಸಂತತಿ ಅವರು. ಕನ್ನಡ, ಕೊಂಕಣಿ, ಮರಾಠಿಗಳು ಅವರ ನಾಲಗೆಯ ಮೇಲಿವೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಆ ಜನಾಂಗದ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟಾದರೂ ಪಟ್ಟಣಕ್ಕೆ ಬಂದ ಸಿದ್ದಿಯೊಬ್ಬನ ಕೂದಲನ್ನು ನೋಡಿ ‘ನೀನು ಯಾವ ದೇಶದವನು?’ ಎಂದು ಕೇಳುವವರು ನಮ್ಮಲ್ಲಿ ಇಲ್ಲದಿಲ್ಲ. ಅವನು ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟಾಗ ಬೆರಗಾಗುವವರೂ ಇದ್ದಾರೆ. ಕಾವ್ಯದ ಕುರುಳನ್ನು ಮೆಚ್ಚಿ, ನೆರೆಯವನ ಕುರುಳನ್ನು ಮೆಚ್ಚದಿದ್ದರೆ ಆ ರಸಿಕತೆ ಪುಸ್ತಕದೊಳಗಿನದು ಮಾತ್ರ.

ಹಾಗಾದರೆ ತಲೆಗೆ ಕೂದಲು ಸುತ್ತಿಕೊಳ್ಳುವ ಆ ಹೆಂಗಸು ತಪ್ಪು ಮಾಡುತ್ತಿದ್ದಾಳೆಯೇ? ನಾನು ಹಾಗೆ ಭಾವಿಸುವುದಿಲ್ಲ. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂಬುದು ನಮ್ಮ ಹಿರಿಯರ ಮಾತು. ಗುಂಗುರು ಕೂದಲಿನವಳು ಒಂದು ದಿನ ನೇರವಾಗಿ, ನೇರಗೂದಲಿನವಳು ಒಂದು ದಿನ ಅಲೆಯಲೆಯಾಗಿ ಕಾಣಬಯಸಿದರೆ ಅದು ಅಲಂಕಾರ. ಅಲಂಕಾರ ಮನುಷ್ಯನ ಹಕ್ಕು. ದಂಡನೆಯ ಭಯದಿಂದ, ಅವಮಾನದ ಭಯದಿಂದ ಮಾಡಿಕೊಂಡಾಗ ಮಾತ್ರ ಅದು ಅಲಂಕಾರವಾಗಿ ಉಳಿಯುವುದಿಲ್ಲ. 2014ರಲ್ಲಿ ಕರೋಲಿನ ಕೊಂತ್ರೇರಸ್ ಎಂಬಾಕೆ ಸಾಂತೊ ದೊಮಿಂಗೊ ನಗರದಲ್ಲಿ ಗುಂಗುರು ಕೂದಲನ್ನು ಗುಂಗುರಾಗಿಯೇ ಆರೈಕೆ ಮಾಡುವ ಅಂಗಡಿಯೊಂದನ್ನು ತೆರೆದರು. ಅಲ್ಲಿಗೆ ಹೋಗುವವರೂ ಇದ್ದಾರೆ, ತೂಬಿ ಸುತ್ತಿಕೊಳ್ಳುವವರೂ ಇದ್ದಾರೆ. ಎರಡೂ ಬಾಗಿಲು ತೆರೆದಿರುವುದು ಮುಖ್ಯ.

ತೂಬಿಯಲ್ಲಿ ನನಗೆ ಹಿಡಿಸುವ ಗುಣವೊಂದಿದೆ. ಅದು ಗಂಧಕದ ಬಂಧವನ್ನು ಮುಟ್ಟುವುದಿಲ್ಲ. ಕ್ಷಾರದ ಮದ್ದು ಒಮ್ಮೆ ತಾಗಿದ ಎಳೆಗೆ ಹಿಂದಿರುಗುವ ದಾರಿಯಿಲ್ಲ. ಬುಡದಿಂದ ಹೊಸ ಕೂದಲು ಬೆಳೆಯುವವರೆಗೆ ಕಾಯಬೇಕು. ಅತಿಶಾಖಕ್ಕೆ ಬೆಂದ ಎಳೆಯ ಗತಿಯೂ ಅಷ್ಟೇ. ತಲೆಗೆ ಸುತ್ತಿ ನೇರಮಾಡಿದ ಕೂದಲಾದರೋ ಒಂದು ಚೆಂಬು ನೀರಿಗೆ ತನ್ನ ಹುಟ್ಟುರೂಪವನ್ನು ಮರಳಿ ಪಡೆಯುತ್ತದೆ. ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ ಅದರಲ್ಲಿ ಉಳಿದಿರುತ್ತದೆ. ಇದನ್ನು ಮಾಡಿಕೊಳ್ಳಬಯಸುವವರಿಗೆ ಎರಡು ಎಚ್ಚರಿಕೆಯ ಮಾತು: ಒದ್ದೆಯಾದ ಕೂದಲು ಒಣಗೂದಲಿಗಿಂತ ದುರ್ಬಲ, ಆದ್ದರಿಂದ ಜಗ್ಗಬಾರದು, ಬಿಗಿಯಾಗಿ ಕಟ್ಟುವ ಅಭ್ಯಾಸ ದಿನವೂ ಮುಂದುವರಿದರೆ ಹಣೆಯಂಚಿನ ಕೂದಲು ಬುಡಸಹಿತ ಉದುರತೊಡಗುತ್ತದೆ.

ಕೊನೆಯದಾಗಿ ಒಂದು ಸಂಗತಿ. 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್, ರಾಬರ್ಟ್ ಕೋರಿ, ಹರ್ಮನ್ ಬ್ರಾನ್ಸನ್ ಎಂಬ ಮೂವರು ವಿಜ್ಞಾನಿಗಳು ಪ್ರೋಟೀನಿನ ಸರಪಣಿ ತಾಳುವ ಒಂದು ಮೂಲಭೂತ ಆಕಾರವನ್ನು ಪ್ರಕಟಿಸಿದರು. ಕೂದಲಿನ ಕೆರಾಟಿನ್ನಿನಲ್ಲಿ ಇರುವುದೂ ಅದೇ ಆಕಾರ. ಅದು ಸುರುಳಿ. ಯಾರ ಕೂದಲು ನೂಲಿನಂತೆ ನೇರವಾಗಿ ಇಳಿಬಿದ್ದಿದೆಯೋ ಅವರ ಕೂದಲಿನ ಅಂತರಂಗವೂ ಸುರುಳಿಯೇ. ಆ ಮೂವರಲ್ಲಿ ಬ್ರಾನ್ಸನ್ ಕರಿಯ ಜನಾಂಗದವರು. ‘ಒಳ್ಳೆಯ’ ಕೂದಲಿಗೂ ‘ಕೆಟ್ಟ’ ಕೂದಲಿಗೂ ಮೂಲದಲ್ಲಿರುವುದು ಒಂದೇ ರೂಪ ಎಂಬುದನ್ನು ಕಾಣಿಸಿಕೊಟ್ಟವರಲ್ಲಿ ಅವರೂ ಒಬ್ಬರಾಗಿದ್ದರೆಂಬುದನ್ನು, ನಾಳೆ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಬೈತಲೆ ತೆಗೆಯುವಾಗ ತಾವು ಒಂದು ಗಳಿಗೆ ನೆನೆದರೆ ಈ ಭಾಷಣ ಸಾರ್ಥಕವಾಯಿತೆಂದು ತಿಳಿಯುತ್ತೇನೆ.